ಸುರಂಗದ ಮಣ್ಣು ಹೊಲಕ್ಕೆ ಬರುವಾಗ



ಈ ದಿನ ನಾನು ಮಣ್ಣಿನ ವಿಷಯ ಮಾತನಾಡಬೇಕೆಂದಿದ್ದೇನೆ. ಹುಟ್ಟಿದಾರಭ್ಯ ಮಣ್ಣಿನಲ್ಲೇ ಇದ್ದೇವೆ, ನಮಗೆ ಇವರೇನು ಹೇಳುವುದು ಎಂದು ನೀವು ನಕ್ಕರೂ ತಪ್ಪಿಲ್ಲ. ಆದರೆ ನಾನು ಹೇಳಹೊರಟಿರುವ ಮಣ್ಣು ನಿಮ್ಮ ನೇಗಿಲು ಕಂಡ ಮಣ್ಣಲ್ಲ. ಐವತ್ತು, ಅರವತ್ತು ಅಡಿ ಆಳದಲ್ಲಿ ಬಿಸಿಲು ಗಾಳಿ ಕಾಣದೆ ಬಿದ್ದಿದ್ದು, ಯಂತ್ರದ ಬಾಯಿಂದ ಹೊರಬಿದ್ದು, ಟಿಪ್ಪರ್ ಲಾರಿ ಏರಿ ಊರ ಹೊರಗೆ ಬರುವ ಮಣ್ಣು ಮತ್ತು ಕಲ್ಲು.

ಕೋಗಿಲು, ಬಾಗಲೂರು, ಬೆಟ್ಟಹಲಸೂರು ಕಡೆಯವರಿಗೆ ಇದು ದೂರದ ಮಾತಲ್ಲ. ಕೋಗಿಲನ್ನು ಈಗ ಹಳ್ಳಿ ಎನ್ನಬೇಕೋ ಪಟ್ಟಣ ಎನ್ನಬೇಕೋ ಹೇಳುವುದು ಕಷ್ಟ. ಆದರೂ ಈ ಸೀಮೆಯಲ್ಲಿ ಒಂದೆಕರೆ, ಎರಡೆಕರೆ ಹಿಡಿದುಕೊಂಡು ರಾಗಿ, ಸೊಪ್ಪು, ತರಕಾರಿ, ದ್ರಾಕ್ಷಿ ಬೆಳೆಯುವ ಮನೆಗಳು ಇನ್ನೂ ಇವೆ. ನಗರ ನೆಲದಡಿಗೆ ಇಳಿದಂತೆಲ್ಲ ಅದು ಅಗೆದು ತೆಗೆದದ್ದಕ್ಕೆ ಜಾಗ ಬೇಕಾಗುತ್ತದೆ. ಆ ಜಾಗ ಎಲ್ಲಿಂದ ಬರಬೇಕು? ಇಂಥ ಅಂಚಿನ ಊರುಗಳಿಂದಲೇ.

ಎಷ್ಟು ಮಣ್ಣು ಎಂಬುದನ್ನು ಮೊದಲು ನೋಡೋಣ. ಬೆಂಗಳೂರಿನ ಮೆಟ್ರೋ ರೈಲು ನೆಲದೊಳಗೆ ಮೊದಲು ಓಡಿದ್ದು 2016ರ ಏಪ್ರಿಲ್‌ನಲ್ಲಿ. ಮೊದಲನೆಯ ಹಂತದಲ್ಲಿ ನೆಲದಡಿಯ ದಾರಿ ಒಟ್ಟು 8.8 ಕಿಲೋಮೀಟರ್. ಎರಡನೆಯ ಹಂತದಲ್ಲಿ ಡೇರಿ ಸರ್ಕಲ್ ಕಡೆಯಿಂದ ನಾಗವಾರದವರೆಗೆ 13.76 ಕಿಲೋಮೀಟರ್ ನೆಲದೊಳಗೇ ಹೋಗುತ್ತದೆ. ಹೋಗುವುದಕ್ಕೊಂದು, ಬರುವುದಕ್ಕೊಂದು ಎಂದು ಜೋಡಿ ಸುರಂಗ. ಒಂಬತ್ತು ಯಂತ್ರಗಳು ಕೊರೆದವು. ಊರ್ಜಾ, ಅವನಿ, ತುಂಗಾ, ಭದ್ರಾ ಎಂದೆಲ್ಲ ಅವಕ್ಕೆ ಹೆಣ್ಣುಮಕ್ಕಳ, ಹೊಳೆಗಳ ಹೆಸರು ಇಟ್ಟಿದ್ದರು. ಕೊರೆಯುವ ಕೆಲಸ ಮುಗಿದದ್ದು ನಾಗವಾರದಲ್ಲಿ, 2024ರ ಅಕ್ಟೋಬರ್‌ನಲ್ಲಿ. ನಾಗವಾರಕ್ಕೂ ಕೋಗಿಲಿಗೂ ನಡುವೆ ಎಷ್ಟು ದೂರ ಎಂಬುದು ನಿಮಗೇ ಗೊತ್ತು.

ಸುರಂಗದ ಬಾಯಿ ಸುಮಾರು ಆರೂವರೆ ಮೀಟರ್ ಅಗಲ. ಒಂದು ಮೀಟರ್ ಮುಂದೆ ಹೋದರೆ ಮೂವತ್ತನಾಲ್ಕು ಘನ ಮೀಟರಿನಷ್ಟು ಮಣ್ಣುಕಲ್ಲು ಹೊರಬರುತ್ತದೆ. ಒಳಗೆ ಒತ್ತಿಕೊಂಡಿದ್ದದ್ದು ಹೊರಗೆ ಬಂದಮೇಲೆ ಉಬ್ಬುತ್ತದೆ. ಗುಂಡಿಯಿಂದ ತೆಗೆದ ಮಣ್ಣು ಮತ್ತೆ ಅದೇ ಗುಂಡಿಗೆ ಹಿಡಿಸದೆ ಮಿಗುವುದನ್ನು ನೀವೆಲ್ಲ ಕಂಡಿದ್ದೀರಿ. ಅಂದರೆ ಒಂದು ಮೀಟರಿಗೆ ನಾಲ್ಕೈದು ಟಿಪ್ಪರ್. ಎರಡನೆಯ ಹಂತದ ಇಪ್ಪತ್ತೊಂದು ಕಿಲೋಮೀಟರ್ ಜೋಡಿ ಸುರಂಗಕ್ಕೆ ಇದೇ ಲೆಕ್ಕ ಹಾಕಿದರೆ, ಹೊರಬಂದದ್ದನ್ನು ಒಂದಡಿ ದಪ್ಪ ಹರಡಲು ಎಂಟುನೂರು ಎಕರೆ ಬೇಕು. ಇದು ಕಾಗದದ ಮೇಲೆ ನಾನು ಹಾಕಿದ ಲೆಕ್ಕ, ಸ್ವಲ್ಪ ಹೆಚ್ಚು ಕಡಿಮೆ ಆದೀತು. ಸ್ಟೇಷನ್ನುಗಳಿಗೆ ತೋಡಿದ ಗುಂಡಿಗಳು ಇದಕ್ಕೆ ಸೇರಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನ ಕಡೆಗೆ ಸುಮಾರು 17 ಕಿಲೋಮೀಟರ್ ಉದ್ದದ ಸುರಂಗ ರಸ್ತೆಯ ಯೋಜನೆಯನ್ನೂ ಸರ್ಕಾರ ಮುಂದಿಟ್ಟಿತು, ಅದರ ಮೇಲೆ ಪರವಿರೋಧದ ವಾದ ಎದ್ದಿತು. ಆ ವಾದ ಇವತ್ತಿನ ವಿಷಯವಲ್ಲ. ಆದರೆ ಮೋಟಾರು ಓಡುವ ಸುರಂಗ ರೈಲಿನ ಸುರಂಗಕ್ಕಿಂತ ಬಹಳ ದಪ್ಪ. ಅದನ್ನು ತೋಡಿದರೆ ಮಣ್ಣೂ ಅಷ್ಟೇ ಹೆಚ್ಚು.

ಈಗ ನಿಮ್ಮ ಹೊಲದ ಬದುವಿಗೆ ಬರೋಣ. ಲಾರಿಯವನು ಬಂದು, "ಗೌಡ್ರೇ, ಹಳ್ಳದ ಕಡೆ ನಿಮ್ಮ ಜಮೀನು ತಗ್ಗಾಗಿದೆ, ಒಳ್ಳೇ ಕೆಂಪು ಮಣ್ಣು ಇದೆ, ದುಡ್ಡು ಬೇಡ, ಸುರಿದು ಹೋಗ್ತೀವಿ" ಅನ್ನುತ್ತಾನೆ. ಪುಕ್ಕಟೆ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಗಾದೆ ನಮ್ಮಲ್ಲೇ ಹುಟ್ಟಿದ್ದು ತಾನೆ? ಕೆರೆಗೋಡು ಹೊಡೆದರೆ ಹೊಲ ಚೆನ್ನಾಗುತ್ತದೆ ಎಂಬ ಅನುಭವವೂ ಹಿರಿಯರಿಗೆ ಉಂಟು. ಇದೂ ಹಾಗೇ ಇರಬಹುದೆಂದು ಹೂಂ ಅಂದುಬಿಡುತ್ತಾರೆ. ಎಕರೆಗೆ ಒಂದಡಿ ಏರಿಸಬೇಕಾದರೆ ನೂರಿಪ್ಪತ್ತು ಟಿಪ್ಪರ್ ಬೇಕು. ನೂರಿಪ್ಪತ್ತು ಲೋಡು ಬಿದ್ದಮೇಲೆ ಬೇಡ ಅಂದರೆ ತೆಗೆಯುವ ಖರ್ಚು ಯಾರದು? ಲಾರಿಯವನದಂತೂ ಅಲ್ಲ.

ಕೆರೆಗೋಡಿಗೂ ಸುರಂಗದ ಮಣ್ಣಿಗೂ ಅಜಗಜಾಂತರ. ಕೆರೆಯ ಗೋಡು ಅಂದರೆ ಏನು? ಮೇಲಿನ ಹೊಲಗದ್ದೆಗಳ ನುಣ್ಣನೆಯ ಮಣ್ಣು, ಸಗಣಿ, ತರಗು ಎಲ್ಲ ಮಳೆಯಲ್ಲಿ ಕೊಚ್ಚಿಬಂದು, ಕೆರೆಯ ತಳದಲ್ಲಿ ವರ್ಷಗಟ್ಟಲೆ ಕೊಳೆತು ಕೂತದ್ದು. ಅದು ನಮ್ಮ ಹೊಲದ್ದೇ ಸತ್ತ್ವ, ನಾವು ಮರಳಿ ತರುತ್ತೇವೆ ಅಷ್ಟೆ. ಸುರಂಗದ ಮಣ್ಣಿಗೆ ಆ ಯೋಗವಿಲ್ಲ. ಬಾವಿ ತೋಡಿದವರನ್ನು ಕೇಳಿ, ಹೇಳುತ್ತಾರೆ. ಮೇಲೆ ಒಂದು ಗೇಣು ಬೇರು, ಎರೆಹುಳು, ಗೊಬ್ಬರದ ವಾಸನೆ ಇರುವ ಮಣ್ಣು. ಅದರ ಕೆಳಗೆ ಗಟ್ಟಿ ಕೆಂಪು ಮಣ್ಣು. ಆಮೇಲೆ ಗರಸು. ಆಮೇಲೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ, ಅಭ್ರಕ ಮಿಂಚುವ ಸವೆದ ಕಲ್ಲು. ಅದರಡಿ ಸಾಕ್ಷಾತ್ ಬಂಡೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ಕೂತಿರುವ ಬಂಡೆ ಇದೆಯಲ್ಲ, ಅಂಥದ್ದೇ ಕಲ್ಲು ನಮ್ಮ ಸೀಮೆಯ ಅಡಿಗೂ ಹಾಸಿದೆ. ಭೂಮಿಯಲ್ಲೇ ಬಹಳ ಹಳೆಯ ಕಲ್ಲು, ಮುನ್ನೂರು ಕೋಟಿ ವರ್ಷದ್ದೆನ್ನುತ್ತಾರೆ. ಊರ್ಜಾ ಯಂತ್ರ ಕಂಟೋನ್ಮೆಂಟಿನಿಂದ ಶಿವಾಜಿನಗರಕ್ಕೆ 855 ಮೀಟರ್ ಕೊರೆಯಲು 2020ರ ಜುಲೈನಿಂದ 2021ರ ಸೆಪ್ಟೆಂಬರ್‌ವರೆಗೆ ಹಿಡಿಯಿತು. ಒಂದು ಕಡೆ ಬಂಡೆ, ಒಂದು ಕಡೆ ಮೆತ್ತನೆ ಮಣ್ಣು ಬೆರೆತ ನೆಲದಲ್ಲಿ ದಿನಕ್ಕೆ ಸರಾಸರಿ ಎರಡು ಮೀಟರ್.

ಬೆಳೆ ನಿಲ್ಲುವುದು ಈ ಎಲ್ಲದರಲ್ಲಿ ಮೇಲಿನ ಆ ಒಂದು ಗೇಣಿನಿಂದ. ನಮ್ಮ ಕೆಂಪು ಭೂಮಿಯಲ್ಲಿ ಸಾವಯವ ಇಂಗಾಲ ಮೊದಲೇ ಕಡಿಮೆ. ನೂರಕ್ಕೆ ಅರ್ಧ ಪಾಲು ಇಲ್ಲದಿದ್ದರೆ ಮಣ್ಣು ಪರೀಕ್ಷೆಯವರು ಕಡಿಮೆ ಎಂದು ಬರೆಯುತ್ತಾರೆ. ಆಳದ ಮಣ್ಣಿನಲ್ಲಿ ಅದು ಇಲ್ಲವೆಂದೇ ಹೇಳಬಹುದು. ಬಣ್ಣ ಕೆಂಪಗೆ ಚೆಂದ ಕಾಣುತ್ತದೆ. ಮಳೆ ಬಿದ್ದರೆ ಅಂಟು, ಬಿಸಿಲು ಬಿದ್ದರೆ ಇಟ್ಟಿಗೆ. ಅದನ್ನು ತಂದು ನಿಮ್ಮ ಒಂದು ಗೇಣಿನ ಮೇಲೆ ಒಂದಡಿ ಸುರಿದರೆ, ಅಜ್ಜ ಮುತ್ತಜ್ಜ ಸಗಣಿ ಹೊತ್ತು ಮಾಡಿದ ಮಣ್ಣಿಗೆ ಗೋರಿ ಕಟ್ಟಿದಂತೆ.

ಇನ್ನೊಂದು ಸಂಗತಿ. ಯಂತ್ರದಿಂದ ಬರುವುದು ಬರೀ ಮಣ್ಣಲ್ಲ. ಕೆಲವು ಯಂತ್ರಗಳಲ್ಲಿ ಬೆಂಟೋನೈಟ್ ಎಂಬ ಜೇಡಿಯನ್ನು ನೀರಿನಲ್ಲಿ ಕಲಸಿ ಒಳಗೆ ಕಳಿಸುತ್ತಾರೆ, ಮಣ್ಣು ಅದರೊಡನೆ ಗಂಜಿಯಾಗಿ ಹೊರಬರುತ್ತದೆ. ಕೆಲವಲ್ಲಿ ಸಾಬೂನಿನ ನೊರೆಯಂಥ ಪದಾರ್ಥ ಸೇರಿಸುತ್ತಾರೆ. ಸುರಂಗದ ಗೋಡೆಯ ಹಿಂದೆ ತುಂಬುವ ಸಿಮೆಂಟು ಗಾರೆಯೂ ಸ್ವಲ್ಪ ಬೆರೆಯುತ್ತದೆ. ಬಂಡೆಗೆ ಸಿಡಿಮದ್ದು ಇಟ್ಟ ಕಡೆ ಮದ್ದಿನ ಉಪ್ಪು ಕಲ್ಲಿಗೆ ಅಂಟಿರುತ್ತದೆ. ಇವೆಲ್ಲ ಘೋರ ವಿಷವೆಂದು ನಾನು ಹೆದರಿಸುವುದಿಲ್ಲ. ಬಿಸಿಲು ಮಳೆಗೆ ಹರಡಿ ಬಿಟ್ಟರೆ ನೊರೆಯ ಅಂಶ ಬಹುಮಟ್ಟಿಗೆ ಕರಗಿಹೋಗುವುದೂ ಉಂಟು. ಆದರೆ ಗಂಜಿಯಾಗಿ ಹಸಿಹಸಿಯಾಗಿ ಬಂದದ್ದನ್ನು ಹೊಲಕ್ಕಾಗಲಿ, ಬಾವಿಯ ಹತ್ತಿರಕ್ಕಾಗಲಿ, ದನ ನೀರು ಕುಡಿಯುವ ಕಟ್ಟೆಯ ಹತ್ತಿರಕ್ಕಾಗಲಿ ಬಿಡಬೇಡಿ. ಅದು ಒಣಗಿದಾಗ ಬಿರಿಯುತ್ತದೆ, ನೆನೆದಾಗ ಉಬ್ಬುತ್ತದೆ, ನೀರನ್ನು ಕೆಳಗೆ ಇಳಿಯಗೊಡುವುದಿಲ್ಲ.

ನೆಲದಡಿಯಿಂದ ತೆಗೆದದ್ದನ್ನು ಯೋಚನೆಯಿಲ್ಲದೆ ಒಟ್ಟಿದರೆ ಏನಾಗುತ್ತದೆಂಬುದಕ್ಕೆ ಪಕ್ಕದ ಕೋಲಾರ ಚಿನ್ನದ ಗಣಿಗೆ ಹೋಗಿ ನೋಡಬಹುದು. ಗಣಿ ಮುಚ್ಚಿದ್ದು 2001ರಲ್ಲಿ. ಸೈನೈಡ್ ಗುಡ್ಡಗಳು ಮಾತ್ರ ಹಾಗೇ ನಿಂತಿವೆ. ಗಾಳಿಕಾಲದಲ್ಲಿ ಪುಡಿ ಎದ್ದು ಮನೆಗಳಿಗೆ ನುಗ್ಗುತ್ತದೆ. ಅಲ್ಲಿ ಕಲ್ಲನ್ನು ಹಿಟ್ಟಿನಂತೆ ಅರೆದು ರಾಸಾಯನಿಕದಲ್ಲಿ ನೆನೆಸಿದ್ದರು, ಮೆಟ್ರೋ ಸುರಂಗದಲ್ಲಿ ಹಾಗೆ ಮಾಡುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಆದರೂ ಆ ಗುಡ್ಡಗಳ ಬುಡದಲ್ಲಿ ನಿಂತರೆ ಒಂದು ಪ್ರಶ್ನೆ ತಾನಾಗಿ ಏಳುತ್ತದೆ: ಈ ಕಲ್ಲು ಹೊರಗೆ ಬರುವ ಮುಂಚೆ ಏನೇನು ಕಂಡು ಬಂತು?

ಆ ಪ್ರಶ್ನೆಯನ್ನು ಸರಿಯಾಗಿ ಕೇಳಿದವರು ಸ್ವಿಟ್ಜರ್ಲೆಂಡಿನವರು. ಆಲ್ಪ್ಸ್ ಬೆಟ್ಟದಡಿ ಗೊಟ್ಹಾರ್ಡ್ ಎಂಬಲ್ಲಿ 57 ಕಿಲೋಮೀಟರ್ ರೈಲು ಸುರಂಗ ತೋಡಿ 2016ರಲ್ಲಿ ತೆರೆದರು. ಎರಡು ಕೋಟಿ ಎಂಬತ್ತು ಲಕ್ಷ ಟನ್ ಕಲ್ಲು ಹೊರಬಂತು. ಸುರಂಗದ ಬಾಯಲ್ಲೇ ಪರೀಕ್ಷೆ ಮಾಡಿ ಗಟ್ಟಿ ಕಲ್ಲು ಬೇರೆ, ಪುಡಿ ಬೇರೆ, ಕೆಸರು ಬೇರೆ ಎಂದು ವಿಂಗಡಿಸಿದರು. ಸುಮಾರು ಮೂರರಲ್ಲೊಂದು ಪಾಲು ಜಲ್ಲಿ ಮರಳಾಗಿ ಅದೇ ಸುರಂಗದ ಕಾಂಕ್ರೀಟಿಗೆ ಹೋಯಿತು. ಒಂದಿಷ್ಟನ್ನು ಊರಿ ಸರೋವರಕ್ಕೆ ಒಯ್ದು, ಹಿಂದೆ ಮರಳು ತೆಗೆದು ಹಾಳಾಗಿದ್ದ ಕಡೆ ಹಕ್ಕಿಗಳಿಗೂ ಈಜುವವರಿಗೂ ಸಣ್ಣ ದ್ವೀಪಗಳನ್ನು ಮಾಡಿದರು. ಲಂಡನ್ನಿನವರು ಹೊಸ ರೈಲು ಸುರಂಗದ ಮಣ್ಣಿನಲ್ಲಿ ಮೂವತ್ತು ಲಕ್ಷ ಟನ್ನಿನಷ್ಟನ್ನು ಹಡಗಿನಲ್ಲಿ ವಾಲಸೀ ಎಂಬ ದ್ವೀಪಕ್ಕೆ ಸಾಗಿಸಿ, ತಗ್ಗಾಗಿದ್ದ ಹಳೆಯ ಬೇಸಾಯದ ನೆಲವನ್ನು ಏರಿಸಿ ಸಮುದ್ರದ ಹಕ್ಕಿಗಳ ಜವುಗು ಮಾಡಿದರು. ಎರಡೂ ಕಡೆ ಮಣ್ಣು ಎಲ್ಲಿಗೆ ಹೋಗಬೇಕೆಂಬುದನ್ನು ತೀರ್ಮಾನಿಸಿಕೊಂಡು ಕೆಲಸ ಮಾಡಿದರು. ನಮ್ಮಲ್ಲಿ ಬಹುಪಾಲು ಅದನ್ನು ತೀರ್ಮಾನಿಸುವವನು ಲಾರಿಯ ಡ್ರೈವರು. ಆದ್ದರಿಂದ ಹೊಲದ ಯಜಮಾನನೇ ಎಚ್ಚರವಾಗಿರಬೇಕು.

ಹಾಗಾದರೆ ಈ ಮಣ್ಣುಕಲ್ಲು ನಮಗೆ ಬೇಡವೇ ಬೇಡವೆ? ಖಂಡಿತ ಬೇಕು, ಅದರ ಅದರ ಜಾಗಕ್ಕೆ.

ಬೆಳೆಗೆ ಆಗದ ಮಣ್ಣು ಗೋಡೆಗೆ ಆಗುತ್ತದೆ. ಇದು ವಿಚಿತ್ರವಾಗಿ ಕಂಡರೂ ನಿಜ. ಗೋಡೆಯ ಮಣ್ಣಿನಲ್ಲಿ ಕೊಳೆಯುವ ಪದಾರ್ಥ ಇರಬಾರದು. ಆಳದ ಮಣ್ಣಿನಲ್ಲಿ ಅದು ಇಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳ್ಳಿಗಳಿಗೆ ಒದಗುವ ತಂತ್ರಗಳಿಗಾಗಿ 1974ರಲ್ಲಿ ಅಸ್ತ್ರ ಎಂಬ ವಿಭಾಗ ಹುಟ್ಟಿತು. ಕೆಂಪು ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ತೆಗೆದು, ಸುಡದೆಯೇ ಕಟ್ಟುವ ಮಣ್ಣಿನ ಇಟ್ಟಿಗೆಯನ್ನು ಅವರು ರೂಢಿಗೆ ತಂದರು. ಸೌದೆ ಬೇಡ, ಗೂಡು ಬೇಡ. ಅಚ್ಚು ತೆಗೆದಮೇಲೆ ಮೂರು ನಾಲ್ಕು ವಾರ ಹುಲ್ಲು ಮುಚ್ಚಿ ದಿನವೂ ನೀರು ಚಿಮುಕಿಸಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಇಟ್ಟಿಗೆ ಉದುರುತ್ತದೆ. ಮಣ್ಣಿನಲ್ಲಿ ಮೂರರಲ್ಲೆರಡು ಪಾಲು ಮರಳು ಇರಬೇಕು, ಜೇಡಿ ನೂರಕ್ಕೆ ಹದಿನೈದರ ಒಳಗಿರಬೇಕು. ಜೇಡಿ ಹೆಚ್ಚಾದರೆ ಕಲ್ಲುಪುಡಿ ಬೆರೆಸಬಹುದು.

ಜೇಡಿ ಎಷ್ಟಿದೆ ಎಂದು ತಿಳಿಯುವುದು ಮನೆಯ ಮಕ್ಕಳೂ ಮಾಡಬಲ್ಲ ಕೆಲಸ. ಗಾಜಿನ ಸೀಸೆಗೆ ಮೂರರಲ್ಲೊಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದೊಳಗೆ ತಳ ಹಿಡಿಯುತ್ತದೆ. ಮರುದಿನ ನೋಡಿದರೆ ಮರಳು, ಅದರ ಮೇಲೆ ಗೋಡು, ಅದರ ಮೇಲೆ ಜೇಡಿ ಎಂದು ಮೂರು ಪಟ್ಟೆ ಕಾಣುತ್ತವೆ. ಅಳೆದುಕೊಳ್ಳಿ. ಅದೇ ಮಣ್ಣಿನ ಒಂದು ಹಿಡಿಯ ಮೇಲೆ ನಿಂಬೆಹಣ್ಣು ಹಿಂಡಿ. ಗುಳ್ಳೆ ಗುಳ್ಳೆಯಾಗಿ ನೊರೆ ಎದ್ದರೆ ಅದರಲ್ಲಿ ಸುಣ್ಣದ ಅಂಶವೋ ಸಿಮೆಂಟೋ ಇದೆ, ಹೊಲಕ್ಕೆ ಬೇಡ.

ಗರಸು ಬಂದರೆ ಬಿಡಬೇಡಿ. ಬಂಡಿದಾರಿಗೆ, ಕೊಟ್ಟಿಗೆಯ ನೆಲಕ್ಕೆ, ಕಣಕ್ಕೆ, ಮನೆಯ ಪಾಯದೊಳಗೆ ತುಂಬುವುದಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಒಂದೇ ಸಲಕ್ಕೆ ಎರಡಡಿ ಸುರಿದು ಮೇಲೆ ದಿಮ್ಮಿಸಿದರೆ ಮೊದಲ ಮಳೆಗೆ ಕುಸಿಯುತ್ತದೆ. ಅರ್ಧ ಅಡಿ ಹರಡಿ, ನೀರು ಹಾಕಿ, ದಿಮ್ಮಿಸಿ, ಆಮೇಲೆ ಮೇಲಿನ ಅರ್ಧ ಅಡಿ.

ಕಲ್ಲಿನ ವಿಷಯದಲ್ಲಿ ಒಂದು ಸೂಕ್ಷ್ಮ ಉಂಟು. ಯಂತ್ರ ಕೊರೆದ ಕಲ್ಲು ಚಪ್ಪಟೆ ಚೂರುಗಳಾಗಿ ಬರುತ್ತದೆ. ಅದರಿಂದ ಸೈಜುಗಲ್ಲು ಆಗುವುದಿಲ್ಲ, ಕ್ರಷರಿಗೆ ಹಾಕಿ ಜಲ್ಲಿ, ಎಂ-ಸ್ಯಾಂಡ್ ಮಾಡಬೇಕು. ಸ್ಟೇಷನ್ನಿನ ಗುಂಡಿಯಿಂದ ಬರುವ ದಪ್ಪ ಕಲ್ಲು ಹಾಗಲ್ಲ. ಬದುವಿನ ಕಲ್ಲುಕಟ್ಟಡಕ್ಕೆ, ಕೃಷಿಹೊಂಡದ ಅಂಚಿಗೆ, ಕೊರಕಲಿಗೆ ಅಡ್ಡ ಹಾಕುವ ತಡೆಗೆ ಅದು ಹೇಳಿ ಮಾಡಿಸಿದ್ದು. ತಾಯಂದಿರಿಗೆ ಒಂದು ಮಾತು: ಕಲ್ಲು ಒಡೆಯುವ ಕಡೆ, ಎಂ-ಸ್ಯಾಂಡ್ ಜರಡಿ ಹಿಡಿಯುವ ಕಡೆ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸದೆ ಆ ಕೆಲಸಕ್ಕೆ ಕೈ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಹೊಲದಲ್ಲಿ ನೀರು ಬಾರದ ಕೊಳವೆಬಾವಿ ಬಾಯಿ ತೆರೆದುಕೊಂಡು ನಿಂತಿದ್ದರೆ, ಈ ಮಣ್ಣುಕಲ್ಲಿಗೆ ಅದಕ್ಕಿಂತ ತುರ್ತಿನ ಕೆಲಸ ಇನ್ನೊಂದಿಲ್ಲ. ಅಂಥ ಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಸಣ್ಣ ಕಲ್ಲಿನಿಂದ ತುಂಬಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಬಾಯಿಗೆ ಗೋಣಿಚೀಲ ತುರುಕಿ ಮೇಲೆ ಒಂದು ಚಪ್ಪಡಿ ಇಟ್ಟರೆ ಮುಚ್ಚಿದಂತಲ್ಲ. ಇದಕ್ಕೆ ಗಂಜಿಮಣ್ಣು ಬೇಡ, ಒಣಗಿದ ಶುದ್ಧ ಗರಸು ಸಾಕು. ನೀರಿದ್ದು ಬತ್ತಿದ ತೆರೆದ ಬಾವಿಯ ಮಾತು ಬೇರೆ. ಅದನ್ನು ತುಂಬುವ ಅವಸರ ಬೇಡ; ಕಟ್ಟೆ ಕಟ್ಟಿ ಭದ್ರ ಮಾಡಿ ಮಳೆನೀರು ಇಂಗಲು ಬಿಟ್ಟರೆ ಮುಂದೆ ಉಪಯೋಗಕ್ಕೆ ಬಂದೀತು.

ಇನ್ನು ಸುರಿಯಲೇಬಾರದ ಜಾಗ. ನೀರು ಹರಿಯುವ ದಾರಿ ಎಲ್ಲಿದೆಯೋ ಅಲ್ಲಿ ಒಂದು ಬುಟ್ಟಿಯೂ ಬೀಳಬಾರದು. ನಮ್ಮ ಕೆರೆಗಳು ಒಂಟಿ ಕೆರೆಗಳಲ್ಲ. ಯಲಹಂಕದ ಕೆರೆ ತುಂಬಿದರೆ ನೀರು ಜಕ್ಕೂರಿಗೆ, ಜಕ್ಕೂರು ತುಂಬಿದರೆ ರಾಚೇನಹಳ್ಳಿಗೆ. ನಡುವಿನ ಕಾಲುವೆಯಲ್ಲಿ ಒಬ್ಬ ತನ್ನ ತಗ್ಗನ್ನು ಏರಿಸಿಕೊಂಡರೆ ನೀರು ಮೇಲಿನವನ ಹೊಲದಲ್ಲಿ ನಿಲ್ಲುತ್ತದೆ. 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ಉಕ್ಕಿ, ಹರಿಯಲು ದಾರಿ ಸಾಲದೆ ಕೇಂದ್ರೀಯ ವಿಹಾರದ ಮನೆಗಳಿಗೆ ನುಗ್ಗಿದ್ದು, ಜನರನ್ನು ದೋಣಿಯಲ್ಲಿ ಕರೆತಂದದ್ದು ಎಲ್ಲರಿಗೂ ನೆನಪಿದೆ. ಕೆರೆಯಂಗಳಕ್ಕೆ ಮಣ್ಣು ಸುರಿಯುವುದು 2014ರ ಕೆರೆ ಸಂರಕ್ಷಣೆ ಕಾಯಿದೆಯ ಪ್ರಕಾರ ಅಪರಾಧ. ಲಾರಿ ಹೊರಟುಹೋಗುತ್ತದೆ, ಸರ್ವೆ ನಂಬರು ನಿಮ್ಮದು ಉಳಿಯುತ್ತದೆ. ರಾತ್ರಿ ಹೊತ್ತು ಬರುವ ಲಾರಿಗೆ ಗೇಟು ತೆಗೆಯಬೇಡಿ.

ಈ ಸೀಮೆಯಲ್ಲಿ ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಗಳು ಬೇಕಾದಷ್ಟಿವೆ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕ್ವಾರಿಗಳಿಗೆ ನಗರದ ಕಸ ಬಿದ್ದು ಸುತ್ತಲ ಜನ ಪಟ್ಟ ಪಾಡು ನಿಮಗೆ ಗೊತ್ತು. ನನ್ನನ್ನು ಕೇಳಿದರೆ, ಸುರಂಗದ ಶುದ್ಧ ಮಣ್ಣುಕಲ್ಲಿಗೆ ಯೋಗ್ಯವಾದ ಜಾಗ ಅಂಥ ಹಾಳುಗುಂಡಿಗಳೇ ಹೊರತು ಬೆಳೆಯುವ ಹೊಲವಲ್ಲ. ಕೆಳಗೆ ಕಲ್ಲು, ಮೇಲೆ ಗರಸು, ಅದರ ಮೇಲೆ ಎರಡಡಿ ಒಳ್ಳೆಯ ಮಣ್ಣು ಹಾಕಿ ಹೊಂಗೆ, ಬೇವು ನೆಟ್ಟರೆ ಹತ್ತು ವರ್ಷದಲ್ಲಿ ತೋಪಾದೀತು. ಇದು ಒಬ್ಬ ರೈತನ ಕೈಯಲ್ಲಿ ಆಗುವುದಲ್ಲ. ಪಂಚಾಯಿತಿ, ಕಂದಾಯದವರು, ಕಾಮಗಾರಿಯವರು ಕೂತು ಬರಹದಲ್ಲಿ ಒಪ್ಪಿಕೊಳ್ಳಬೇಕು.

ಕಾಲುವೆಯಲ್ಲದ ನಿಮ್ಮ ಸ್ವಂತ ತಗ್ಗನ್ನೇ ಏರಿಸಬೇಕಾಗಿದ್ದರೆ, ಮೊದಲು ಇರುವ ಮೇಲ್ಮಣ್ಣನ್ನು ಒಂದು ಗೇಣು ಕೆರೆದು ಒಂದು ಪಕ್ಕಕ್ಕೆ ಒಟ್ಟಿಕೊಳ್ಳಿ. ರಾಶಿ ಆಳೆತ್ತರ ಮೀರಬಾರದು. ಮೀರಿದರೆ ಒಳಗಿನ ಮಣ್ಣು ಉಸಿರು ಕಟ್ಟಿ ಸಾಯುತ್ತದೆ. ರಾಶಿಯ ಮೇಲೆ ಸೆಣಬು ಚೆಲ್ಲಿ. ಆಮೇಲೆ ತಗ್ಗು ತುಂಬಿಸಿ, ಒಂದು ಮಳೆಗಾಲ ಕೂರಲು ಬಿಟ್ಟು, ನಿಮ್ಮದೇ ಮೇಲ್ಮಣ್ಣನ್ನು ಮತ್ತೆ ಮೇಲೆ ಹರಡಿ. ಖರ್ಚು ಹೆಚ್ಚು, ನಿಜ. ಆ ಖರ್ಚನ್ನು ಮಣ್ಣು ತಂದವರಿಂದಲೇ ಕೇಳಿ ಪಡೆಯಿರಿ. ಅವರಿಗೆ ಜಾಗ ಕೊಟ್ಟವರು ನೀವು.

ಈಗಾಗಲೇ ಸುರಿಸಿಕೊಂಡವರು ಎದೆಗುಂದಬೇಕಾಗಿಲ್ಲ. ಕಲ್ಲು ಆರಿಸಿ ತೆಗೆದು, ಮಳೆ ಬಿದ್ದಾಗ ಸೆಣಬನ್ನೋ ಡಯಂಚವನ್ನೋ ದಟ್ಟವಾಗಿ ಬಿತ್ತಿ, ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿ. ಹಿಂದೆಯೇ ಹುರುಳಿ. ಕೊಟ್ಟಿಗೆ ಗೊಬ್ಬರ ಎಷ್ಟು ಹಾಕಿದರೂ ಹಿಡಿಸುತ್ತದೆ. ಎರಡು ಮೂರು ವರ್ಷ ರಾಗಿಯ ಆಸೆ ಇಟ್ಟುಕೊಳ್ಳಬೇಡಿ.

ಕೊನೆಗೆ ಪರೀಕ್ಷೆಯ ಮಾತು. ಕೋಗಿಲಿನವರಿಗೆ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ಬಳ್ಳಾರಿ ರಸ್ತೆಯಲ್ಲೇ, ಕೂಗಳತೆಯಲ್ಲಿದೆ ಎನ್ನಬಹುದು. ಮೊದಲ ನಾಲ್ಕು ಲೋಡು ಬಂದಾಗಲೇ ಪ್ರತಿ ರಾಶಿಯ ಒಳಗಿನಿಂದ, ಮೇಲಿನಿಂದಲ್ಲ, ಎರಡೆರಡು ಬೊಗಸೆ ತೆಗೆದು ಒಣಗಿಸಿ, ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಸಾಡಿ, ಹೀಗೇ ಮಾಡುತ್ತ ಅರ್ಧ ಕಿಲೋ ಉಳಿಸಿಕೊಳ್ಳಿ. ನಿಮ್ಮ ಹೊಲದ ಮಣ್ಣಿನದೂ ಬೇರೆ ಒಂದು ಚೀಲ ಇರಲಿ. ರಸಸಾರ, ಲವಣಾಂಶ, ಸಾವಯವ ಇಂಗಾಲ ಮೂರನ್ನೂ ನೋಡಿಕೊಡಿ ಎಂದು ಕೇಳಿ. ಚೀಲದೊಳಗೆ ಚೀಟಿ ಇಡಿ: ಯಾವ ಕಾಮಗಾರಿಯ ಮಣ್ಣು, ಎಷ್ಟು ಅಡಿ ಆಳದ್ದು, ಸುರಂಗದ್ದೋ ಸ್ಟೇಷನ್ನಿನ ಗುಂಡಿಯದೋ, ಯಾವ ತಾರೀಖು ಬಂತು. ಇದನ್ನು ಲಾರಿಯವನಿಂದ ಬರೆಸಿಕೊಂಡು ಕೆಳಗೆ ಅವನ ರುಜು ಹಾಕಿಸಿ, ಗಾಡಿಯ ನಂಬರೂ ಇರಲಿ. ರುಜು ಹಾಕಲು ಒಪ್ಪದಿದ್ದರೆ ಮಣ್ಣೂ ಬೇಡ. ಪರೀಕ್ಷೆಯ ಫಲ ಕೈಗೆ ಬರುವವರೆಗೆ ಐದನೆಯ ಲೋಡು ರಸ್ತೆಯಲ್ಲೇ ನಿಂತಿರಲಿ.